ಹಳೇ ಜೀಪ್ ಕೊಳ್ಳುವವರೇ, ಮೊದಲು ಅಡಿಗೆ ತೂರಿ ನೋಡಿ

ಹಳೇ ಮಹೀಂದ್ರಾ ಎಂಎಂ 540 ಜೀಪ್, ಮಾರುತಿ ಜಿಪ್ಸಿ ಮಾರಾಟಕ್ಕಿದೆ ಅಂದ ಕೂಡಲೇ ಎಲ್ಲರೂ ಬಾನೆಟ್ ಎತ್ತುತ್ತಾರೆ. ಎಂಜಿನ್ ಆಮೇಲೆ ನೋಡಿ. ಅದನ್ನು ಬಿಚ್ಚಿ ಸರಿ ಮಾಡುವ ಮೆಕ್ಯಾನಿಕ್ ಹೇಗೋ ಸಿಗುತ್ತಾರೆ, ತುಕ್ಕು ತಿಂದ ಚಾಸಿ, ಅಂದರೆ ಇಡೀ ಗಾಡಿ ಹೊರುವ ಅಡಿಯ ಚೌಕಟ್ಟು, ಹಾಗಲ್ಲ.

ಒಂದು ಟಾರ್ಚು, ಸಣ್ಣ ಸುತ್ತಿಗೆ ತೆಗೆದುಕೊಂಡು ಹೋಗಿ. ಲೀಫ್ ಸ್ಪ್ರಿಂಗ್ (ಪಟ್ಟಿ ಸ್ಪ್ರಿಂಗ್) ಕೂರುವ ಬ್ರಾಕೆಟ್‌ಗಳ ಸುತ್ತ, ಬಾಡಿಯನ್ನು ಚಾಸಿಗೆ ಕೂರಿಸುವ ಬಾಡಿ ಮೌಂಟ್ ಹತ್ತಿರ, ಚಾಸಿಯ ಹಿಂದಿನ ಅಡ್ಡಪಟ್ಟಿಯಾದ ಕ್ರಾಸ್ ಮೆಂಬರ್ ಮೇಲೆ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ಒಳಗೆ ಟೊಳ್ಳಾಗಿದ್ದರೆ ಸದ್ದು ಮಂಕು. ಮಲೆನಾಡಿನ ಗಾಡಿಯಾದರೆ ಕಾಲಡಿಯ ಮ್ಯಾಟ್ ಎತ್ತಲೇಬೇಕು, ನೀರು ನಿಂತು ಕೊಳೆಯುವುದು ಅಲ್ಲೇ. ಅಡಿಗೆಲ್ಲ ಹೊಸ ಕಪ್ಪು ಪೇಂಟ್ ಹೊಡೆದಿದ್ದರೆ ನನಗಂತೂ ಅನುಮಾನ ಜಾಸ್ತಿ.

ಆಮೇಲೆ ಚಾಸಿ ನಂಬರ್. ಆರ್‌ಸಿಯಲ್ಲಿರುವುದಕ್ಕೆ ಅಕ್ಷರ ಅಕ್ಷರ ತಾಳೆ ಆಗಬೇಕು. ಸ್ವಂತ ಗಾಡಿಗೆ 15 ವರ್ಷ ಆದ ಮೇಲೆ ಆರ್‌ಸಿ ನವೀಕರಣ ಆಗಿರಬೇಕು, ಅದೂ 5 ವರ್ಷಕ್ಕೊಮ್ಮೆ. "ಮಾಡಿಸಿಕೊಡ್ತೀನಿ ಬಿಡಿ ಸಾರ್" ಅಂದರೆ, ಮಾಡಿಸಿದ ಮೇಲೆ ದುಡ್ಡು ಕೊಡುತ್ತೀನಿ ಅನ್ನಿ.

ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಶಕ್ತಿ) ಹಾಕಿ ನೋಡುವುದು ಮಣ್ಣಿನ ಮೇಲೆ ಮಾತ್ರ. ಈ ಗಾಡಿಗಳಲ್ಲಿ ಹಿಂದಿನ ಮುಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಮಧ್ಯದ ಡಿಫರೆನ್ಷಿಯಲ್ ಇಲ್ಲ, ಹಾಗಾಗಿ ಒಣ ಟಾರ್ ರಸ್ತೆಯಲ್ಲಿ ತಿರುಗಿಸಿದರೆ ಹಿಂದಿನ ಮುಂದಿನ ಚಕ್ರಗಳು ಒಂದಕ್ಕೊಂದು ಎಳೆದಾಡಿ ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಮೇಲೆ ಸುಮ್ನೆ ಭಾರ ಬೀಳುತ್ತದೆ. ಮುಂದಿನ ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ ಹಬ್ ಲಾಕ್ ಇದ್ದರೆ ಅದನ್ನೂ ಹಾಕಿ, ಹಾಕದಿದ್ದರೆ ಫೋರ್ ವೀಲ್ ಲಿವರ್ ಎಳೆದರೂ ಮುಂದಿನ ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ.

ಮನೆಗೆ ತಂದ ಮೇಲೆ ಮೊದಲ ಖರ್ಚು ಬ್ರೇಕ್ ಹೋಸ್‌ಗಳಿಗೆ, ಆಮೇಲೆ ಗೇರ್‌ಬಾಕ್ಸ್, ಆಕ್ಸಲ್ ಆಯಿಲ್‌ಗೆ. ದಪ್ಪ ಟೈರ್, ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್ ಎಲ್ಲ ಕಾಯಲಿ.