ಮನೆಯ ರೇಡಿಯೋ ರಾಯಚೂರಿನ ಬಿಸಿಲು ಹೇಳತೊಡಗಿದ ಬಗೆ

ರಾಯಚೂರಿನಲ್ಲಿ ಮಾರ್ಚ್ ಕಳೆಯಿತೆಂದರೆ ಇಬ್ಬರು ಎದುರಾದಾಗ ಮೊದಲು ಬರುವ ಮಾತು ಬಿಸಿಲಿನದು. ಊರಿನ ಹೆಸರಿಟ್ಟುಕೊಂಡು ಅಂತರ್ಜಾಲದಲ್ಲಿ ರೇಡಿಯೋ ನಡೆಸುತ್ತ ಬಿಸಿಲಿನ ಸುದ್ದಿಯನ್ನೇ ಎತ್ತದಿದ್ದರೆ ಅದು ಯಾವ ಊರಿನ ರೇಡಿಯೋ ಎಂದು ಕೇಳುವವರಿಗೆ ಹೇಗೆ ತಿಳಿಯಬೇಕು? ಈ ಕಾರಣಕ್ಕೇ ಗಂಟೆಗೊಮ್ಮೆ ಹಾಡುಗಳ ನಡುವೆ ಹವಾಮಾನ ಹೇಳಿಸುವ ಕೆಲಸಕ್ಕೆ ಕೈಹಾಕಿದೆ. ಈಗ ನಾನು ಮನೆಯಲ್ಲಿ ಇರಲಿ, ಇಲ್ಲದಿರಲಿ, ಅದು ತನ್ನ ಪಾಡಿಗೆ ನಡೆಯುತ್ತದೆ.

ಮೊದಲೇ ಒಂದು ಮಾತು. ಇದು ಎಫ್‌ಎಂ ಅಲ್ಲ. ಪರವಾನಗಿ ಇಲ್ಲದೆ ಮನೆಯಲ್ಲಿ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಮಾಡುವುದು ಅಪರಾಧ. ಹ್ಯಾಮ್ (ಹವ್ಯಾಸಿ ರೇಡಿಯೋ) ಪರವಾನಗಿ ಇದ್ದವರೂ ಅದರಲ್ಲಿ ಹಾಡು ಹಾಕುವಂತಿಲ್ಲ. ನನ್ನದು ಹಳೆಯ ವಿಂಡೋಸ್ ಕಂಪ್ಯೂಟರ್. ಅದರಲ್ಲಿ ಉಚಿತವಾಗಿ ಸಿಗುವ ರೇಡಿಯೋಡಿಜೆ ತಂತ್ರಾಂಶ ಹಾಡುಗಳ ಸರದಿ ನೋಡಿಕೊಳ್ಳುತ್ತದೆ, ಬಟ್ ಎಂಬ ಪುಟ್ಟ ತಂತ್ರಾಂಶ ಆ ಧ್ವನಿಯನ್ನು ಐಸ್‌ಕಾಸ್ಟ್ ಸರ್ವರ್‌ಗೆ ಕಳುಹಿಸುತ್ತದೆ, ಕೇಳುಗರಿಗೆ ಅದು ತಲುಪುವುದು ಅಲ್ಲಿಂದಲೇ. ಹಾಡುಗಳು ನಮ್ಮ ಓಣಿಯ ಭಜನಾ ಮಂಡಳಿಯವರು ಹಾಡಿ, ಅವರ ಒಪ್ಪಿಗೆಯ ಮೇಲೆ ನಾನೇ ಮುದ್ರಿಸಿಕೊಂಡವು. ಚೀಕಲಪರ್ವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು ನಡೆದಾಡಿದ ಜಿಲ್ಲೆಯಲ್ಲಿ ಪದಗಳಿಗೆ ಬರವಿಲ್ಲ.

ಹವಾಮಾನದ ಮಾಹಿತಿಗೆ ನಾನು ಬಳಸುವುದು ಓಪನ್-ಮೀಟಿಯೊ ಎಂಬ ಅಂತರ್ಜಾಲ ಸೇವೆ. ವಾಣಿಜ್ಯ ಉದ್ದೇಶವಿಲ್ಲದವರಿಗೆ ಅದು ಉಚಿತ, ನೋಂದಣಿಯೂ ಬೇಡ, ಬಳಕೆದಾರರಿಗೆ ಕೊಡುವ ಗುಪ್ತ ಕೀಲಿಯೂ ಬೇಡ. ರಾಯಚೂರಿನ ಅಕ್ಷಾಂಶ 16.2, ರೇಖಾಂಶ 77.36 ಎಂದು ವಿಳಾಸದಲ್ಲಿ ಬರೆದು, ಉಷ್ಣಾಂಶ, ಆರ್ದ್ರತೆ, ಗಾಳಿಯ ವೇಗ, ಹವೆಯ ಸಂಕೇತ, ಹಗಲೋ ರಾತ್ರಿಯೋ ಎಂಬ ಐದು ಸಂಗತಿ ಕೇಳಿದರೆ ಜೆಸನ್ ರೂಪದಲ್ಲಿ, ಅಂದರೆ ಕಂಪ್ಯೂಟರ್ ಸುಲಭವಾಗಿ ಓದಿಕೊಳ್ಳುವ ಪಠ್ಯವಾಗಿ, ಉತ್ತರ ಬರುತ್ತದೆ. ಹವೆಯ ಸಂಕೇತ ಎಂದರೆ ಒಂದು ಅಂಕಿ: 0 ಬಂದರೆ ಶುಭ್ರ ಆಕಾಶ, 3 ಬಂದರೆ ಪೂರ್ತಿ ಮೋಡ, 61ರಿಂದ 65ರವರೆಗೆ ಮಳೆ, 95 ಬಂದರೆ ಗುಡುಗು. ಸಮಯವಲಯ ಏಷ್ಯಾ-ಕೋಲ್ಕತ್ತ ಎಂದು ಸ್ಪಷ್ಟವಾಗಿ ಕೇಳಬೇಕು. ಇಲ್ಲವಾದರೆ ಅದು ಗ್ರೀನಿಚ್ ಕಾಲದಲ್ಲಿ ಉತ್ತರಿಸುತ್ತದೆ, ಐದೂವರೆ ಗಂಟೆ ಹಿಂದೆ ಬೀಳುತ್ತದೆ. ಓಪನ್‌ವೆದರ್‌ಮ್ಯಾಪ್ ಎಂಬ ಇನ್ನೊಂದು ಸೇವೆ ಬಳಸುವವರು ಮೆಟ್ರಿಕ್ ಮಾನ ಬೇಕೆಂದು ಹೇಳುವುದನ್ನು ಬಿಡಬಾರದು. ಹೇಳದಿದ್ದರೆ ಅದು ಕೆಲ್ವಿನ್‌ನಲ್ಲಿ ಮುನ್ನೂರ ಹದಿನೈದು ಎಂದು ಕೊಡುತ್ತದೆ. ನಮ್ಮ ಬಿಸಿಲು ಎಷ್ಟೇ ಕೆಟ್ಟದ್ದಾದರೂ ಅಷ್ಟಿಲ್ಲ.

ಈ ಅಂಕಿ ಯಾರೋ ಥರ್ಮಾಮೀಟರ್ ನೋಡಿ ಬರೆದದ್ದಲ್ಲ, ಗಣಕ ಮಾದರಿಯ ಲೆಕ್ಕಾಚಾರ ಎಂಬುದನ್ನು ಮರೆಯಬಾರದು. ಭೂಮಿಯನ್ನು ಹಲವು ಕಿಲೋಮೀಟರ್ ಅಗಲದ ಚೌಕಗಳಾಗಿ ಹಂಚಿ, ಒಂದೊಂದು ಚೌಕಕ್ಕೆ ಒಂದೊಂದು ಬೆಲೆ ಕೊಡುತ್ತಾರೆ. ಪೇಟೆಯ ಸಿಮೆಂಟು ರಸ್ತೆಯೂ ಊರಾಚೆಯ ಹತ್ತಿ ಹೊಲವೂ ಒಂದೇ ಚೌಕದಲ್ಲಿ ಸೇರಿಬಿಡಬಹುದು. ಹೋಲಿಸಿ ನೋಡಲು ಉಷ್ಣಾಂಶ, ಆರ್ದ್ರತೆ ಅಳೆಯುವ ಡಿಎಚ್‌ಟಿ22 ಸಂವೇದಕವನ್ನು ಮನೆಯ ಉತ್ತರದ ಗೋಡೆಗೆ, ಬಿಸಿಲು ತಾಗದಂತೆ, ಗಾಳಿಯಾಡುವ ಬಿಳಿ ಡಬ್ಬಿಯಲ್ಲಿಟ್ಟು ತೂಗುಹಾಕಿದ್ದೇನೆ. ಮಾಳಿಗೆಯ ಮೇಲೆ ಇಡಲಿಲ್ಲ. ಕಾದ ಛಾವಣಿಯ ಹತ್ತಿರ ಇಟ್ಟರೆ ಅದು ಊರಿನ ಉಷ್ಣಾಂಶ ಹೇಳುವುದಿಲ್ಲ, ಛಾವಣಿಯದನ್ನು ಹೇಳುತ್ತದೆ. ಎರಡೂ ಅಂಕಿಗಳು ಒಂದೆರಡು ಡಿಗ್ರಿ ಆಚೀಚೆ ಇರುವುದು ಸಾಮಾನ್ಯ. ಆದ್ದರಿಂದ ಪ್ರಸಾರದಲ್ಲಿ ಯಾವಾಗಲೂ ‘ಸುಮಾರು’ ಎಂಬ ಪದ ಇರುತ್ತದೆ, ದಶಾಂಶ ಎಂದೂ ಇರುವುದಿಲ್ಲ. ಪೂರ್ಣಾಂಕ ಮಾಡುವಾಗ ಒಂದು ಸೂಕ್ಷ್ಮವಿದೆ: ಈ ಕೆಲಸದ ಕಾರ್ಯಕ್ರಮವನ್ನು ನಾನು ಬರೆದಿರುವ ಪೈಥಾನ್ ಭಾಷೆಯ ರೌಂಡ್ ಆಜ್ಞೆ 40.5 ಅನ್ನು 40 ಮಾಡುತ್ತದೆ, 41.5 ಅನ್ನು 42 ಮಾಡುತ್ತದೆ. ಅರ್ಧ ಬಂದಾಗ ಸಮಸಂಖ್ಯೆಯ ಕಡೆಗೆ ವಾಲುವುದು ಅದರ ನಿಯಮ. ಅದರ ಬದಲು ಅರ್ಧ ಸೇರಿಸಿ ಕೆಳಗಿನ ಪೂರ್ಣಾಂಕ ತೆಗೆದುಕೊಳ್ಳುತ್ತೇನೆ.

ಇನ್ನು ಧ್ವನಿ. ಝಾರಾರೇಡಿಯೋ, ರೇಡಿಯೋಬಾಸ್‌ನಂಥ ತಂತ್ರಾಂಶಗಳಲ್ಲಿ ಉಷ್ಣಾಂಶ ಹೇಳುವ ಸೌಲಭ್ಯ ಇದ್ದೇ ಇದೆ. ಅಂಕಿಗೊಂದು ಧ್ವನಿ ಫೈಲು ಇಟ್ಟುಕೊಂಡು ಬೇಕಾದದ್ದನ್ನು ಆರಿಸಿ ನುಡಿಸುತ್ತವೆ. ಇಂಗ್ಲಿಷಿನಲ್ಲಾದರೆ ಮೂವತ್ತರ ಫೈಲು, ಎಂಟರ ಫೈಲು ಒಂದರ ಹಿಂದೊಂದು ಇಟ್ಟರೆ ಮೂವತ್ತೆಂಟು ಆಗಿಬಿಡುತ್ತದೆ. ಕನ್ನಡದಲ್ಲಿ ಹಾಗೆ ಜೋಡಿಸಿದರೆ ‘ಮೂವತ್ತು, ಎಂಟು’ ಎಂದು ಕೇಳಿಸಿ ಲಾಟರಿ ಫಲಿತಾಂಶ ಓದಿದಂತಾಗುತ್ತದೆ. ಸಂಧಿಯಲ್ಲಿ ಉಕಾರ ಲೋಪವಾಗುವ ಜಾಗದಲ್ಲಿ ಕತ್ತರಿ ಹಾಕುವುದು ಯಾವ ತಂತ್ರಾಂಶಕ್ಕೂ ಸುಲಭವಲ್ಲ. ಹಾಗಾಗಿ ಹತ್ತರಿಂದ ನಲವತ್ತೆಂಟರವರೆಗೆ ಪ್ರತಿಯೊಂದು ಸಂಖ್ಯೆಯನ್ನೂ ಬಿಡಿಬಿಡಿಯಾಗಿ ಹೆಂಡತಿಯ ಧ್ವನಿಯಲ್ಲಿ ಮುದ್ರಿಸಿದೆ. ಸೊನ್ನೆಗಿಂತ ಕೆಳಗಿನವನ್ನು ಬಿಟ್ಟೆ. ಅವು ಬೇಕಾಗುವ ದಿನ ರಾಯಚೂರಿಗೆ ಬಂದರೆ ರೇಡಿಯೋ ಹಾಕಿಕೊಂಡು ಕೂರುವಷ್ಟು ಸಮಾಧಾನ ಯಾರಿಗೂ ಇರಲಾರದು.

ನಾನು ಬರೆದುಕೊಟ್ಟಿದ್ದ ಸಾಲು ‘ಉಷ್ಣಾಂಶ ಸುಮಾರು ನಲವತ್ತೆರಡು ಡಿಗ್ರಿ ಸೆಲ್ಸಿಯಸ್’. ಹೆಂಡತಿ ಮೈಕ್ ಮುಂದೆ ಕುಳಿತವಳೇ, “ಹೀಗೆ ಯಾರು ಮಾತನಾಡುತ್ತಾರೆ ರೀ? ನಲವತ್ತೆರಡು ಡಿಗ್ರಿ ಬಿಸಿಲು ಅಂದರೆ ಸಾಲದೇ?” ಎಂದಳು. ಸರಿಯಾದ ಮಾತೇ. ಆದರೆ ರಾತ್ರಿ ಒಂಬತ್ತಕ್ಕೆ ಬಿಸಿಲು ಎನ್ನಲಾಗದು. ಹಗಲು ರಾತ್ರಿಯ ಮಾಹಿತಿಯನ್ನು ಕೇಳಿ ಪಡೆಯುವುದು ಇದಕ್ಕೇ. ಹಗಲಾಗಿದ್ದು ಉಷ್ಣಾಂಶ ಮೂವತ್ತೈದು ದಾಟಿದ್ದರೆ ‘ಬಿಸಿಲು’, ರಾತ್ರಿಯಾಗಿದ್ದು ಮೂವತ್ತರ ಮೇಲಿದ್ದರೆ ‘ಧಗೆ’, ಹದಿನೆಂಟಕ್ಕಿಂತ ಕೆಳಗಿಳಿದರೆ ‘ಥಂಡಿ’, ಉಳಿದಂತೆ ಬರೀ ‘ಡಿಗ್ರಿ’. ಆರ್ದ್ರತೆಯನ್ನು ಅಂಕಿಯಲ್ಲಿ ಹೇಳುವುದೇ ಇಲ್ಲ. ಶೇಕಡಾ 25ಕ್ಕಿಂತ ಕಡಿಮೆಯಿದ್ದರೆ ‘ಗಾಳಿ ಒಣಗಿದೆ’ ಎಂಬ ಒಂದು ತುಣುಕು ಸೇರುತ್ತದೆ, ಅಷ್ಟೇ.

ತುಣುಕುಗಳನ್ನು ಹೊಲಿಯುವುದು ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ. ಎಲ್ಲ ತುಣುಕುಗಳೂ ಒಂದೇ ಮಾದರಿ ದರದಲ್ಲಿ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆದಿದೆ ಎಂಬ ಲೆಕ್ಕ), ಒಂದೇ ಚಾನೆಲ್ ಸಂಖ್ಯೆಯಲ್ಲಿ ಇರಬೇಕು. 44,100ರ ನಡುವೆ 48,000 ಹರ್ಟ್ಜ್‌ನದೊಂದು ನುಸುಳಿದರೆ ಧ್ವನಿಯ ಓಟವೇ ಕೆಡುತ್ತದೆ. ಗಟ್ಟಿತನವನ್ನು ಮೈನಸ್ 16 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳಿಸುವ ಗಟ್ಟಿತನದ ಮಾನ) ಸಮ ಮಾಡಿಟ್ಟಿದ್ದೇನೆ. ಹಾಡು ಮೆತ್ತಗಿದ್ದು ಹವಾಮಾನ ಕಿರುಚಿಕೊಂಡರೆ ಮಧ್ಯಾಹ್ನ ನಿದ್ದೆಗೆ ಜಾರಿದವರು ಶಾಪ ಹಾಕುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಯೋಚಿಸಿದ್ದು ರೇಡಿಯೋ ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಎಂಬುದನ್ನು. ಇಂಟರ್ನೆಟ್ ಒಂದು ಗಳಿಗೆ ಕೈಕೊಟ್ಟರೆ, ಹವಾಮಾನದ ಸರ್ವರ್ ಉತ್ತರಿಸದಿದ್ದರೆ, ಹಿಂದಿನ ಗಂಟೆಯ ಫೈಲು ಅಲ್ಲೇ ಇರುತ್ತದೆ. ಸ್ವಯಂಚಾಲಿತ ತಂತ್ರಾಂಶಕ್ಕೆ ಹಳತು ಹೊಸತು ಗೊತ್ತಾಗದು, ಸಿಕ್ಕಿದ್ದನ್ನು ನುಡಿಸುತ್ತದೆ. ಸಂಜೆ ಮಳೆ ಸುರಿದು ನೆಲ ತಣ್ಣಗಾದ ಮೇಲೂ ರೇಡಿಯೋ ನಲವತ್ತೆರಡು ಡಿಗ್ರಿ ಬಿಸಿಲು ಎಂದರೆ ಮರುದಿನದಿಂದ ಯಾರೂ ನಂಬುವುದಿಲ್ಲ. ಆದ್ದರಿಂದ ಪ್ರತಿ ಗಂಟೆಯ 55ನೇ ನಿಮಿಷಕ್ಕೆ ನನ್ನ ಪೈಥಾನ್ ಕಾರ್ಯಕ್ರಮ ಓಡುತ್ತದೆ, ಬಂದ ಮಾಹಿತಿಯ ಸಮಯವನ್ನು ಕಂಪ್ಯೂಟರಿನ ಗಡಿಯಾರಕ್ಕೆ ಹೋಲಿಸುತ್ತದೆ. ಮುಕ್ಕಾಲು ಗಂಟೆಗಿಂತ ಹಳತಾಗಿದ್ದರೆ, ಅಥವಾ ಏನೂ ಬರದಿದ್ದರೆ, ಹಿಂದಿನ ಫೈಲಿನ ಜಾಗದಲ್ಲಿ ರೇಡಿಯೋದ ಹೆಸರು ಹೇಳುವ ಪುಟ್ಟ ಧ್ವನಿಯನ್ನು ಇಡುತ್ತದೆ. ಅಂದರೆ ಫೈಲು ಪ್ರತಿ ಸಲವೂ ಹೊಸದಾಗಿ ಬರೆಯಲ್ಪಡುತ್ತದೆ, ಅದರಲ್ಲಿ ಹವಾಮಾನ ಇರಬಹುದು, ಇಲ್ಲದಿರಬಹುದು. ಕಂಪ್ಯೂಟರಿನ ಗಡಿಯಾರವೇ ತಪ್ಪಿದ್ದರೆ ಈ ಏರ್ಪಾಡೆಲ್ಲ ನೀರಿನಲ್ಲಿ ಹೋಮ, ಹಾಗಾಗಿ ಅದನ್ನು ಅಂತರ್ಜಾಲದ ಕಾಲಕ್ಕೆ ಹೊಂದಿಸಿಡಬೇಕು.

ಇನ್ನೊಂದು ಕಾವಲು: ಒಂದು ಗಂಟೆಯಲ್ಲಿ ಉಷ್ಣಾಂಶ ಎಂಟು ಡಿಗ್ರಿ ಏರಿದೆ ಎಂದು ಬಂದರೆ ಕಾರ್ಯಕ್ರಮ ಅದನ್ನು ನಂಬುವುದಿಲ್ಲ. ಎಂಟು ಡಿಗ್ರಿ ಇಳಿದಿದೆ ಎಂದರೆ, ಸಂಕೇತದಲ್ಲಿ ಮಳೆಯೋ ಗುಡುಗೋ ಇದ್ದರೆ ಮಾತ್ರ ನಂಬುತ್ತದೆ. ಮೇ ತಿಂಗಳ ಗಾಳಿಮಳೆ ಬಂದಾಗ ನಮ್ಮ ಕಡೆ ಹಾಗೆ ಇಳಿಯುವುದು ಉಂಟು.

ಹೊಸ ಫೈಲನ್ನು ಮೊದಲು ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ಆಮೇಲೆ ಒಂದೇ ಏಟಿಗೆ ಹಳೆಯದರ ಹೆಸರಿಗೆ ಬದಲಿಸಬೇಕು. ಇಲ್ಲದಿದ್ದರೆ ಅರ್ಧ ಬರೆದ ಫೈಲು ಪ್ರಸಾರಕ್ಕೆ ಹೋಗುವ ಅಪಾಯವಿದೆ. ರೇಡಿಯೋಡಿಜೆಯಲ್ಲಿ ಈ ಫೈಲನ್ನು ಅವಧಿ ಬದಲಾಗುವ ಬಗೆಯದು ಎಂದೇ ಸೇರಿಸಬೇಕು. ಮಾಮೂಲಿ ಹಾಡಿನಂತೆ ಸೇರಿಸಿದರೆ ಮೊದಲ ದಿನದ ಉದ್ದವನ್ನೇ ದತ್ತಸಂಚಯದಲ್ಲಿ ಹಿಡಿದಿಟ್ಟುಕೊಂಡು ಮುಂದೆ ಸಾಲಿನ ಬಾಲ ಕತ್ತರಿಸುತ್ತದೆ. ಗಂಟೆ ಹೊಡೆದ ಕೂಡಲೇ ಹಾಡು ನಿಲ್ಲಿಸಿ ನುಡಿಸುವ ಆಯ್ಕೆಯೂ ಇದೆ. ದಾಸರ ಪದವನ್ನು ಚರಣದ ನಡುವೆ ಕಡಿದು ಬಿಸಿಲಿನ ವರದಿ ಒಪ್ಪಿಸುವುದು ನನ್ನಿಂದ ಆಗದು. ಸರದಿಯ ಮೊದಲಿಗೆ ಸೇರಿಸಿ, ನಡೆಯುತ್ತಿರುವ ಹಾಡು ಮುಗಿದ ಮೇಲೆ ಬರುವಂತೆ ಮಾಡಿದ್ದೇನೆ. ಆದ್ದರಿಂದಲೇ ಈ ತುಣುಕಿನಲ್ಲಿ ‘ಈಗ ಸಮಯ ಇಷ್ಟು’ ಎಂಬ ಮಾತಿಲ್ಲ.

ಜನ ಮೆಚ್ಚಿಕೊಂಡದ್ದು ಮಾತ್ರ ಯಾವ ಸರ್ವರ್‌ನಿಂದಲೂ ಬರದ ಸಂಗತಿಯನ್ನು. ಮೇ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಕಾರ್ಯಕ್ರಮ ಆ ದಿನದ ಮಳೆ ನಕ್ಷತ್ರವನ್ನೂ ಹೇಳುತ್ತದೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ: ಮೇ 25ರ ಸುಮಾರಿಗೆ ರೋಹಿಣಿ, ಜೂನ್ ಮೊದಲ ವಾರ ಮುಗಿಯುವಾಗ ಮೃಗಶಿರಾ, 21ರ ಆಸುಪಾಸಿನಲ್ಲಿ ಆರಿದ್ರಾ, ಹೀಗೆ ಸ್ವಾತಿಯವರೆಗೆ. ಪಂಚಾಂಗ ನೋಡಿ ವರ್ಷಕ್ಕೊಮ್ಮೆ ಪಟ್ಟಿ ತುಂಬಿಸಿದರೆ ಆಯಿತು. ಮಾನ್ವಿ ಕಡೆ ತೊಗರಿ, ಹತ್ತಿ ಬೆಳೆಯುವ ನಮ್ಮ ಮಾವನಿಗೆ ಡಿಗ್ರಿ ಲೆಕ್ಕ ಬೇಕಿಲ್ಲ. “ಮೃಗಶಿರಾ ಹುಟ್ಟಿತು ಅಂತ ಹೇಳಿತಲ್ಲ, ಅಷ್ಟು ಸಾಕು ಬಿಡಿ ಅಳಿಯಂದಿರೇ” ಎಂದರು.

ಎಚ್ಚರಿಕೆಯ ವಿಷಯದಲ್ಲಿ ಮಾತ್ರ ಯಂತ್ರವನ್ನು ನಂಬಿ ಕೂತಿಲ್ಲ. ನಲವತ್ತು ದಾಟಿದರೆ ಬಿಸಿಗಾಳಿ ಎಂದು ಹೇಳಿಸುವುದು ಎರಡು ಸಾಲಿನ ಕೆಲಸ, ಆದರೆ ಅದು ತಪ್ಪು. ಭಾರತೀಯ ಹವಾಮಾನ ಇಲಾಖೆಯ ಪ್ರಕಾರ ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ 40 ಮುಟ್ಟಿ, ಜೊತೆಗೆ ಅಲ್ಲಿನ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಇಲ್ಲವೇ ನೇರವಾಗಿ 45 ಮುಟ್ಟಿರಬೇಕು. ಮೇ ತಿಂಗಳಲ್ಲಿ ನಲವತ್ತೊಂದು ಎಂಬುದು ನಮಗೆ ದಿನನಿತ್ಯದ ಊಟ. ಭಾರಿ ಮಳೆ ಎನ್ನಲೂ ಹಾಗೆಯೇ, 24 ಗಂಟೆಯಲ್ಲಿ 64.5 ಮಿಲಿಮೀಟರ್ ಆದರೂ ಸುರಿದಿರಬೇಕು. ಇಲಾಖೆ ಜಿಲ್ಲೆಗೆ ಹಳದಿ, ಕಿತ್ತಳೆ, ಕೆಂಪು ಬಣ್ಣದ ಎಚ್ಚರಿಕೆ ಕೊಟ್ಟ ದಿನ ಅದನ್ನು ನಾನೇ ಓದಿ ಮುದ್ರಿಸಿ ಹಾಕುತ್ತೇನೆ, ಅವಧಿ ಮುಗಿದ ಕೂಡಲೇ ತೆಗೆಯುತ್ತೇನೆ.

ಈಚೆಗೆ ಸಿಂಧನೂರಿನ ಕೇಳುಗರೊಬ್ಬರು ತಮ್ಮ ಊರಿನದೂ ಬೇಕೆಂದರು, ಅವರನ್ನು ನೋಡಿ ಲಿಂಗಸುಗೂರು, ದೇವದುರ್ಗದವರೂ ಕೇಳಿದರು. ಒಂದೇ ಕೋರಿಕೆಯಲ್ಲಿ ಹಲವು ಊರುಗಳ ಅಕ್ಷಾಂಶ ರೇಖಾಂಶಗಳನ್ನು ಅಲ್ಪವಿರಾಮ ಹಾಕಿ ಕಳುಹಿಸಬಹುದಾದ್ದರಿಂದ ಮಾಹಿತಿ ತರುವುದು ಸಲೀಸು. ಆದರೆ ನಾಲ್ಕು ಊರಿನ ಉಷ್ಣಾಂಶ ಗಂಟೆಗೊಮ್ಮೆ ಓದಿದರೆ ಬಸ್ ನಿಲ್ದಾಣದ ಧ್ವನಿವರ್ಧಕವಾಗುತ್ತದೆ. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಮಾತ್ರ ನಾಲ್ಕೂ ಊರು, ಉಳಿದ ಹೊತ್ತು ರಾಯಚೂರು ಒಂದೇ ಎಂದು ಗೊತ್ತು ಮಾಡಿದ್ದೇನೆ. ಮಸ್ಕಿಯವರು ಇನ್ನೂ ಕೇಳಿಲ್ಲ.