ಬೇಸಿಕ್ ಆಥ್: ಪಾಸ್‌ವರ್ಡ್ ಸರಿಯಿದ್ದರೂ 401 ಬರುತ್ತಿದ್ದರೆ

ಬೇಸಿಕ್ ಆಥ್ ಎಂದರೆ ಸರ್ವರ್‌ಗೆ ಕಳಿಸುವ ವಿನಂತಿಯ ಜೊತೆಗೇ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಗುರುತು ತೋರಿಸುವ ವಿಧಾನ. 401 ಎಂದರೆ ಸರ್ವರ್ ಆ ಗುರುತನ್ನು ಒಪ್ಪಲಿಲ್ಲ ಎಂದು. ಇದಕ್ಕಾಗಿ ವಿನಂತಿಯಲ್ಲಿ ಹೋಗುವುದು ಒಂದೇ ಹೆಡರ್: ಆಥರೈಸೇಶನ್. ಅದರಲ್ಲಿರುವುದು 'ಬೇಸಿಕ್' ಎಂಬ ಪದ, ಒಂದು ಸ್ಪೇಸ್, ಆಮೇಲೆ ಯೂಸರ್‌ನೇಮ್, ಕೋಲನ್, ಪಾಸ್‌ವರ್ಡ್ ಮೂರನ್ನೂ ಸೇರಿಸಿ ಬೇಸ್64 (ಬೈಟ್‌ಗಳನ್ನು ಸಾದಾ ಅಕ್ಷರಗಳಾಗಿ ಬರೆಯುವ ರೀತಿ) ಮಾಡಿದ್ದು. ಯೂಸರ್‌ನೇಮ್ ಒಳಗೆ ಕೋಲನ್ ಇರುವಂತಿಲ್ಲ, ಪಾಸ್‌ವರ್ಡ್‌ನಲ್ಲಿ ಇದ್ದರೆ ತೊಂದರೆಯಿಲ್ಲ.

ಟರ್ಮಿನಲ್‌ನಲ್ಲಿ ಎಕೋ ಬಳಸಿ ಬೇಸ್64 ಮಾಡಿದವರು ಮೊದಲು ಅದನ್ನೇ ಅನುಮಾನಿಸಿ. ಎಕೋ ಕೊನೆಗೊಂದು ನ್ಯೂಲೈನ್ ಅಂಟಿಸುತ್ತದೆ, ಅದೂ ಪಾಸ್‌ವರ್ಡ್‌ನ ಭಾಗವಾಗಿಬಿಡುತ್ತದೆ. ಬಂದ ಸಾಲು ದೊಡ್ಡ ಸಿ, ಚಿಕ್ಕ ಜಿ, ಎರಡು ಸಮ ಚಿಹ್ನೆಗಳಲ್ಲಿ ಮುಗಿದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಎಕೋ ಬಿಟ್ಟು ಪ್ರಿಂಟ್‌ಎಫ್ ಬಳಸಿ. ಲಿನಕ್ಸ್‌ನ ಬೇಸ್64 ಕಮಾಂಡ್ 76 ಅಕ್ಷರಕ್ಕೆ ಸಾಲು ಮುರಿಯುತ್ತದೆ. ಉದ್ದದ ಪಾಸ್‌ವರ್ಡ್ ಇದ್ದರೆ ಡಬ್ಲ್ಯೂ ಆಯ್ಕೆಗೆ 0 ಕೊಡಿ.

ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಯಲ್ಲಿ ಹೆಡರ್ ಕೈಯಾರೆ ಕಟ್ಟಬೇಡಿ, ಆಥ್ ಎಂಬ ಪ್ಯಾರಾಮೀಟರ್‌ಗೆ ಯೂಸರ್‌ನೇಮ್, ಪಾಸ್‌ವರ್ಡ್‌ಗಳ ಟಪಲ್ ಕೊಡಿ. ಕೈಯಾರೆ ಹಾಕಿದರೆ, ಹೋಮ್ ಫೋಲ್ಡರ್‌ನ ನೆಟ್‌ಆರ್‌ಸಿ ಫೈಲಿನಲ್ಲಿ (ಹೋಸ್ಟ್‌ಗಳ ಪಾಸ್‌ವರ್ಡ್ ಬರೆದಿಡುವ ಫೈಲು) ಅದೇ ಹೋಸ್ಟ್‌ಗೆ ಹಳೇ ಪಾಸ್‌ವರ್ಡ್ ಇದ್ದಲ್ಲಿ ಅದು ನಿಮ್ಮ ಹೆಡರನ್ನು ಸದ್ದಿಲ್ಲದೆ ಅಳಿಸಿ ತಾನು ಕೂರುತ್ತದೆ. ಪಾಸ್‌ವರ್ಡ್‌ನಲ್ಲಿ ಕನ್ನಡ ಅಕ್ಷರ ಇದ್ದರೆ ಎನ್‌ಕೋಡ್ ಎರರ್ ಬರುತ್ತದೆ, ಏಕೆಂದರೆ ರಿಕ್ವೆಸ್ಟ್ಸ್ ಸ್ಟ್ರಿಂಗನ್ನು ಕನ್ನಡ ಅಕ್ಷರಗಳೇ ಇಲ್ಲದ ಲ್ಯಾಟಿನ್-1 ಎನ್‌ಕೋಡಿಂಗ್‌ಗೆ ತಿರುಗಿಸಲು ನೋಡುತ್ತದೆ. ಯುಟಿಎಫ್-8 ಬೈಟ್ಸ್ ಮಾಡಿ ಕೊಟ್ಟರೆ ಸರಿಹೋಗುತ್ತದೆ, ಸರ್ವರ್ ಕೂಡ ಯುಟಿಎಫ್-8 ಓದುವಂತಿದ್ದರೆ.

ರೀಡೈರೆಕ್ಟ್ ಆಗಿ ಬೇರೆ ಹೋಸ್ಟ್‌ಗೆ ಹೋದಾಗ ಹೆಡರ್ ಉದುರಿಹೋಗುತ್ತದೆ. ಅದು ದೋಷವಲ್ಲ, ಸುರಕ್ಷತೆಗೇ ಹಾಗೆ ಮಾಡಿರುವುದು. ಕೊನೆಯ ಯುಆರ್‌ಎಲ್‌ಗೇ ನೇರ ಕರೆ ಮಾಡಿ. ಬರುತ್ತಿರುವುದು 403 ಆದರೆ ಇಷ್ಟೆಲ್ಲ ಹುಡುಕಬೇಡಿ, ಸಾಮಾನ್ಯವಾಗಿ ಆ ಖಾತೆಗೆ ಅನುಮತಿ ಇರುವುದಿಲ್ಲ.

ಬೇಸ್64 ಬೀಗವಲ್ಲ, ಯಾರು ಬೇಕಾದರೂ ಬಿಚ್ಚಬಹುದು. ಎಚ್‌ಟಿಟಿಪಿಎಸ್ ಇಲ್ಲದ ವಿಳಾಸಕ್ಕೆ ಕಳಿಸಲೇಬೇಡಿ.