ಯುರೋಪ್‌ಗೆ ಹೋದ್ರೆ ಸಣ್ಣ ರೊಮನೆಸ್ಕ್ ಚರ್ಚ್ ನೋಡೋದು ಹೇಗೆ

ಟೂರಲ್ಲಿ ದೊಡ್ಡ ಕೆಥೆಡ್ರಲ್‌ಗಳನ್ನ ಹೇಗೂ ತೋರಿಸ್ತಾರೆ, ನೀವು ಒಂದು ದಿನ ಎತ್ತಿಟ್ಟು 11-12ನೇ ಶತಮಾನದ ರೊಮನೆಸ್ಕ್ ಶೈಲಿಯ ಯಾವ್ದಾದ್ರೂ ಹಳ್ಳಿ ಚರ್ಚ್ ನೋಡ್ಕೊಂಡು ಬನ್ನಿ, ಕಟ್ಟಿದವರ ಕೈ ಕಾಣೋದು ಅಲ್ಲೇ.

ಹೊರಡೋ ಮುಂಚೆ ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾಗೆ ಒಂದ್ಸಲ ಹೋಗಿ. 1882ರಲ್ಲಿ ಮುಗಿದಿದ್ದು, ಗಾಥಿಕ್ ಶೈಲಿ, ಕಮಾನಿನ ತುದಿ ಚೂಪಾಗಿರತ್ತೆ, ಕಿಟಕಿಗಳಿಗೆ ಬಣ್ಣದ ಗಾಜು. ಅದನ್ನ ಚೆನ್ನಾಗಿ ನೋಡ್ಕೊಂಡಿದ್ರೆ ರೊಮನೆಸ್ಕ್ ಬೇಗ ಗುರುತು ಸಿಗತ್ತೆ, ಅಲ್ಲಿ ಕಮಾನು ಅರ್ಧ ವೃತ್ತ, ಗೋಡೆ ದಪ್ಪ, ಒಳಗೆ ಕತ್ತಲೆ.

ಕತ್ತಲೆ ಯಾಕೆ ಅಂದ್ರೆ, ಕಲ್ಲಿನ ಕಮಾನು ಚಾವಣಿ ಗೋಡೆ ಮೇಲೆ ಸುಮ್ನೆ ಕೂರಲ್ಲ, ಅದನ್ನ ಹೊರಗಡೆಗೂ ತಳ್ತಾ ಇರತ್ತೆ, ತಡ್ಕೊಳ್ಳೋಕೆ ಗೋಡೆ ದಪ್ಪ ಬೇಕು, ದೊಡ್ಡ ಕಿಟಕಿ ಬಿಟ್ರೆ ಗೋಡೆಗೆ ಶಕ್ತಿ ಇರಲ್ಲ. ಕಿಟಕಿ ಹತ್ರ ನಿಂತು ನೋಡಿ, ಹೊರಗಡೆ ಬರೀ ಒಂದು ಸೀಳು, ಒಳಗೆ ಬರ್ತಾ ಬರ್ತಾ ಕಲ್ಲನ್ನ ಓರೆಯಾಗಿ ಕಡೆದು ಅಗಲ ಮಾಡಿರ್ತಾರೆ, ಬರೋ ಅಷ್ಟು ಬೆಳಕೂ ಹರಡ್ಲಿ ಅಂತ. ನನಗೆ ಇಡೀ ಕಟ್ಟಡದಲ್ಲಿ ತುಂಬಾ ಇಷ್ಟ ಆಗೋದು ಇದೇ.

ಒಳಗೆ ನುಗ್ಗೋ ಮುಂಚೆ ಹೊರಗಡೆ ಒಂದು ಸುತ್ತು ಹಾಕಿ. ಪೂರ್ವದ ಕಡೆ ಅರ್ಧ ದುಂಡಗೆ ಹೊರಗೆ ಬಂದಿರೋದು ಆಪ್ಸ್, ಅದರ ಒಳಗೇ ಆಲ್ಟರ್. ಗೋಡೆಯಲ್ಲಿ ಕಲ್ಲಿನ ಸೈಜ್ ಎಲ್ಲಿ ಬದಲಾಗಿದೆ, ವರಸೆ ಎಲ್ಲಿ ತಪ್ಪಿದೆ, ಮುಚ್ಚಿದ ಬಾಗಿಲಿನ ಕಮಾನು ಎಲ್ಲಾದ್ರೂ ಉಳಿದಿದ್ಯಾ ಹುಡುಕಿ. ಆಮೇಲೆ ಸೇರಿಸಿದ ಭಾಗ ಯಾವುದು ಅನ್ನೋದು ಸುಮಾರಾಗಿ ಅಲ್ಲೇ ಗೊತ್ತಾಗತ್ತೆ.

ಎಲ್ಲಿಗೆ ಹೋಗೋದು ಅಂತ ಕೇಳಿದ್ರೆ ಸ್ಪೇನ್‌ನ ಕೆಟಲೋನಿಯಾದಲ್ಲಿ, ಪಿರನೀಸ್ ಬೆಟ್ಟದ ನಡುವೆ ಇರೋ ತಾವುಲ್ ಅನ್ನೋ ಹಳ್ಳಿಯ ಸಾಂಟ್ ಕ್ಲಿಮೆಂಟ್ ಚರ್ಚ್‌ಗೆ ಹೋಗಿ ಅಂತೀನಿ. 2000ದಲ್ಲಿ ಆ ಕಣಿವೆಯ ಒಂಬತ್ತು ಚರ್ಚ್‌ಗಳು ಯುನೆಸ್ಕೋ ಪಟ್ಟಿಗೆ ಸೇರಿದ್ವು. ಇದರ ಪ್ರತಿಷ್ಠೆ ಆಗಿದ್ದು 1123 ಡಿಸೆಂಬರ್ 10ಕ್ಕೆ, ಒಳಗಿನ ಒಂದು ಕಂಬದ ಮೇಲೇ ಬರೆದಿಟ್ಟಿದ್ರು. ಇಲ್ಲಿ ಚಾವಣಿ ಮಾತ್ರ ಮರದ್ದು, ಕೆಳಗೆ ಎರಡು ಸಾಲು ದುಂಡು ಕಂಬ, ಪಕ್ಕದಲ್ಲಿ ಎತ್ತರದ ಗಂಟೆ ಗೋಪುರ.

ಇದರ ಆಪ್ಸ್‌ನ ಗೋಡೆ ಮೇಲಿದ್ದ ಕ್ರಿಸ್ತನ ಚಿತ್ರದ ಒರಿಜಿನಲ್ ಈಗ ಬಾರ್ಸಿಲೋನಾದ ಮ್ಯೂಸಿಯಂನಲ್ಲಿದೆ. ಇಪ್ಪತ್ತನೇ ಶತಮಾನದ ಶುರುವಲ್ಲಿ ಇಂಥ ಗೋಡೆ ಚಿತ್ರಗಳನ್ನ ಕಿತ್ತು ಹೊರದೇಶಕ್ಕೆ ಮಾರ್ತಿದ್ರು, ಮುರ್ ಅನ್ನೋ ಕಡೆಯ ಚರ್ಚ್‌ದು ಬಾಸ್ಟನ್‌ಗೇ ಹೋಯ್ತು, ಹಾಗಾಗಿ 1919ರಿಂದ 1923ರೊಳಗೆ ಇಲ್ಲಿನವನ್ನ ಬಿಡಿಸ್ಕೊಂಡು ಹೋಗಿ ಕಾಪಾಡಿದ್ರು. ಈಗ ಚರ್ಚಲ್ಲಿ ಅದೇ ಜಾಗಕ್ಕೆ ಪ್ರೊಜೆಕ್ಟರ್‌ನಿಂದ ಚಿತ್ರ ಬಿಡ್ತಾರೆ. ಮೊದಲು ಹಳ್ಳಿಗೆ ಹೋಗಿ ಆಮೇಲೆ ಮ್ಯೂಸಿಯಂಗೆ ಬನ್ನಿ, ಯಾವ ಗೋಡೆಗೆ ಅಂತ ಬರೆದಿದ್ದು ಅನ್ನೋದು ಕಣ್ಣಲ್ಲಿದ್ರೆ ಒರಿಜಿನಲ್ ಮುಂದೆ ನಿಂತಾಗ ನೋಡೋಕೆ ಜಾಸ್ತಿ ಸಿಗತ್ತೆ.